ರಾಜನ ಮೀಸೆ ಮತ್ತು ಮೆರವಣಿಗೆಯ ಕತ್ತೆ

ಒಂದಾನೊಂದು ಊರಿನಲ್ಲಿ ದುಂಡವರ್ಮ ಅಂತ ಒಬ್ಬ ರಾಜ ಇದ್ದ, ಕೇಳ್ರಪ್ಪಾ! ಅವನಿಗೆ ಮೀಸೆ ಅಂದರೆ ಪ್ರಾಣ. ಯಾಕೆ ಗೊತ್ತಾ? ಮೀಸೆ ಇಲ್ಲದವನು ಆ ಊರಿನ ಸಿಂಹಾಸನದ ಮೇಲೆ ಕೂರುವ ಹಾಗಿರಲಿಲ್ಲ. ಮೀಸೆ ಹೋಯಿತೋ, ರಾಜ್ಯ ಹೋಯಿತು!

ಒಂದು ದಿನ ರಾಜನ ಮೀಸೆಗೆ ಹಚ್ಚುವ ತುಪ್ಪ ಕಳುವಾಯಿತು. ಕದ್ದವನು ಕಾಳಿಂಗ ಅನ್ನುವ ಕಳ್ಳ. ಬಿಸಿ ರೊಟ್ಟಿಗೆ ಸವರಿಕೊಂಡು ತಿಂದೇಬಿಟ್ಟಿದ್ದ.

"ಶಿಕ್ಷೆ! ಶಿಕ್ಷೆ!" ಎಂದು ರಾಜ ಕುಣಿದಾಡಿದ.

ಆ ಊರಿನ ಶಿಕ್ಷೆಗಳೋ, ಒಂದಕ್ಕಿಂತ ಒಂದು! ಮುತ್ತಜ್ಜನ ಕಾಲದಲ್ಲಿ ಕಳ್ಳರ ಕೈ ಕಡಿದರು. ಆಮೇಲೆ ಅರಸನಿಗೆ ಕೈಮುಗಿಯುವವರೇ ಇಲ್ಲ! ಬಿಟ್ಟರು. ಅಜ್ಜನ ಕಾಲದಲ್ಲಿ ಮೂಗು ಕೊಯ್ದರು. ವಾಸನೆ ತಿಳಿಯದ ಕಳ್ಳರು ಅಡುಗೆಮನೆ ಅಂದುಕೊಂಡು ಕೊಟ್ಟಿಗೆಗೆ ಕನ್ನ ಹಾಕಿದರು. ಎಮ್ಮೆಗಳೆಲ್ಲ ಬಂದು ದೂರು ಕೊಟ್ಟವು. ಬಿಟ್ಟರು. ಅಪ್ಪನ ಕಾಲದಲ್ಲಿ ಚಾಟಿಯೇಟು. ಹೊಡೆಯುವವನ ರಟ್ಟೆ ಬಾತುಕೊಂಡು, ಏಟು ತಿಂದವನೇ ಅವನಿಗೆ ಎಣ್ಣೆ ತಿಕ್ಕಬೇಕಾಯಿತು. ಅದನ್ನೂ ಬಿಟ್ಟರು.

ದುಂಡವರ್ಮನದು ಹೊಸ ಶಿಕ್ಷೆ. ಅರ್ಧ ಮೀಸೆ ಬೋಳಿಸಿ, ಮುಖಕ್ಕೆ ಸುಣ್ಣದ ಬೊಟ್ಟಿಟ್ಟು, ಬಾಲದ ಕಡೆ ಮುಖ ಮಾಡಿಸಿ ಕತ್ತೆ ಮೇಲೆ ಮೆರವಣಿಗೆ!

ಕಾಳಿಂಗನ ಮೀಸೆಗೆ ಇನ್ನೇನು ಕತ್ತಿ ತಾಗಬೇಕು, ಕತ್ತೆ ಬಾಯಿಬಿಟ್ಟಿತು.

"ನಿಲ್ಸಿ ಬುದ್ಧಿ! ತುಪ್ಪ ತಿಂದೋನು ಇವ್ನು. ಬಿಸಿಲಲ್ಲಿ ಊರು ಸುತ್ತೋದು ಮಾತ್ರ ನಾನಾ? ನಾನೇನು ಕದ್ದಿದ್ದೆ?"

"ಏನೂ ಕದ್ದಿಲ್ಲ," ಅಂದ ರಾಜ.

"ತಪ್ಪು ಮಾಡ್ದೇ ಇರೋರಿಗೆ ಶಿಕ್ಷೆ ಕೊಡೋದು ತಪ್ಪಲ್ವಾ ಬುದ್ಧಿ?"

"ಮಹಾ ತಪ್ಪು!" ರಾಜನಿಗೆ ನ್ಯಾಯದ ಹುರುಪು ಏರಿತು. "ಅಂಥವನು ಯಾವನೇ ಆಗಿರಲಿ, ಬೋಳಿಸಿ ಅವನ ಮೀಸೆ!"

ಕ್ಷೌರದವನು ಕತ್ತಿ ಮಸೆಯುತ್ತಾ ರಾಜನ ಹತ್ತಿರವೇ ಬಂದ. "ಅಪ್ಪಣೆ ಬುದ್ಧಿ. ಗದ್ದ ಸ್ವಲ್ಪ ಎತ್ತಿ."

ಅಯ್ಯೋ ನನ್ನ ರಾಜನೇ! ಎರಡೂ ಕೈಯಲ್ಲಿ ಮೀಸೆ ಮುಚ್ಚಿಕೊಂಡು ಕತ್ತೆಯ ಕಾಲಿಗೇ ಬಿದ್ದ. "ಕತ್ತೆರಾಯಾ, ಕಾಪಾಡಪ್ಪಾ!"

ಕತ್ತೆ ಮೆಲುಕು ಹಾಕುವಂತೆ ಬಾಯಾಡಿಸುತ್ತಾ ಯೋಚಿಸಿತು. "ಮೀಸೆ ಬಿಡ್ತೀನಿ. ಬರೀ ಮೆರವಣಿಗೆ ಸಾಕು. ಆದ್ರೆ ನಾನು ನಿಮ್ಮನ್ನ ಹೊತ್ರೆ ನಂಗೆ ಮತ್ತೆ ಶಿಕ್ಷೆ. ಅದಕ್ಕೆ ಮತ್ತೆ ನಿಮ್ಮ ಮೀಸೆ ಬೋಳಿಸ್ಬೇಕಾಗುತ್ತೆ. ನೀವೇ ನನ್ನ ಹೊತ್ಕೊಳ್ಳಿ. ಹಿಂದಕ್ಕೆ ಮುಖ ಮಾಡೇ ಕೂರ್ತೀನಿ, ಪದ್ಧತಿ ಬಿಡಬಾರದು."

ಹೊತ್ತನಪ್ಪಾ ರಾಜ! ಡೋಲು ಬಡಿದರು, ಕಹಳೆ ಊದಿದರು. ಕತ್ತೆ ಹಿಂದಕ್ಕೆ ಮುಖ ಮಾಡಿ ಹೆಗಲೇರಿತು. ಅದರ ಬಾಲ ಬಂದು ರಾಜನ ಮೂಗಿನ ಕೆಳಗೆ ಇಳಿಬಿತ್ತು.

ಬೀದಿಯ ಜನ ಬೆರಗಾದರು. "ಅಬ್ಬಬ್ಬಾ! ಎಂಥಾ ಮೀಸೆ!" ಎಲ್ಲರೂ ಅಡ್ಡಬಿದ್ದರು. ರಾಜ ಉಬ್ಬಿಹೋದ. ಸಂಜೆಯಾಯಿತು, ಬೆನ್ನು ಬಾಗಿತು.

ಕತ್ತೆಗೇ ಪಾಪ ಅನ್ನಿಸಿತು. "ಸಾಕು ಬುದ್ಧಿ, ಇಳಿಸಿ."

"ಇಳಿಸೋದಾ? ಇಳಿಸಿದರೆ ಈ ಮೀಸೆ ಹೋಗುತ್ತೆ! ಮೀಸೆ ಹೋದರೆ ರಾಜ್ಯ ಹೋಗುತ್ತೆ!" ಎಂದು ರಾಜ ಮುಂದಿನ ಊರಿಗೆ ಓಡಿದ.

ಇತ್ತ ಸಿಂಹಾಸನ ಖಾಲಿ. ಮೀಸೆ ಇದ್ದವನು ಕೂರಬಹುದು ತಾನೇ? ಕಾಳಿಂಗ ತನ್ನ ಪೂರ್ತಿ ಮೀಸೆ ಸವರಿಕೊಂಡು ಕೂತ. ರೊಟ್ಟಿ ತರಿಸಿದ.

ಇದರ ನೀತಿ ಏನಪ್ಪಾ ಅಂದರೆ, ತುಪ್ಪವನ್ನು ರೊಟ್ಟಿಗೇ ಹಚ್ಚಬೇಕು. ಮೆರವಣಿಗೆ ಆ ರಾಜನ ಪಾಲಿಗೆ, ರೊಟ್ಟಿ ನಮ್ಮ ಪಾಲಿಗೆ. ಏಳ್ರಪ್ಪಾ, ಒಲೆ ಆರುವ ಮುಂಚೆ ಉಣ್ಣೋಣ!