ಹಳ್ಳದಾಚೆಯ ಉಪ್ಪು

"ಗುರುಗಳೇ, ಅಣ್ಣನ ಮೇಲಿನ ಸಿಟ್ಟನ್ನು ಬಿಟ್ಟು ನಾನೇ ಮೊದಲು ಬಾ ಎಂದು ಹೇಳಿಕಳಿಸಿದೆ. ತಿಂಗಳಾಯಿತು, ಅವನಿಂದ ಒಂದು ಮಾತೂ ಇಲ್ಲ. ನಾನು ಮರುಳನಾದೆನೇ?" ಎಂದು ಕೇತಯ್ಯನೆಂಬ ಶಿಷ್ಯ ಕೇಳಿದ.

ಗುರು ಅವನನ್ನು ಕೂರಿಸಿಕೊಂಡು ಹೇಳಿದರು:

ಬಹಳ ಹಿಂದೆ ಒಂದು ಪಟ್ಟಣದಲ್ಲಿ ಒಬ್ಬ ಉಪ್ಪಿನ ವ್ಯಾಪಾರಿಯಿದ್ದ. ಆ ಪಟ್ಟಣದ ಸಂತೆಗೆ ಕಾಡಿನ ಜನ ಜೇನು, ಮೇಣ, ಮೆಣಸು ತಂದು ಉಪ್ಪು ಕೊಂಡುಹೋಗುತ್ತಿದ್ದರು. ಒಂದು ವರ್ಷ ಈ ವ್ಯಾಪಾರಿಯ ತಂದೆ ಉಪ್ಪಿನಲ್ಲಿ ಬಿಳಿ ಮರಳು ಬೆರೆಸಿ ಮಾರಿದ. ಅಂದಿನಿಂದ ಕಾಡಿನವರು ಸಂತೆಗೆ ಬರುವುದನ್ನು ಬಿಟ್ಟರು. ಕಾಡಿನೊಳಗೆ ಕಾಲಿಟ್ಟ ವ್ಯಾಪಾರಿಗಳ ಮೇಲೆ ಬಾಣ ಬಿದ್ದವು. ಪಟ್ಟಣದಲ್ಲಿ ಔಷಧಕ್ಕೂ ಜೇನು ಸಿಗದಂತಾಯಿತು.

ತಂದೆ ಸತ್ತ ಮೇಲೆ ಮಗ ಮೂರು ಎತ್ತುಗಳ ಮೇಲೆ ಮೂರು ಮೂಟೆ ಉಪ್ಪು ಹೇರಿಕೊಂಡು ಹೊರಟ. ಜೊತೆಗೆ ಹೆಂಡತಿಯ ತಮ್ಮನೂ ಬಂದ. ಕಾಡಂಚಿನ ಹಳ್ಳ ದಾಟಿ, ಒಂದು ಬಂಡೆಯ ಮೇಲೆ ಬಟ್ಟೆ ಹಾಸಿ, ಒಂದು ಮೂಟೆ ಉಪ್ಪು ಸುರಿದ. ಕಾಡಿನೊಳಗಿಂದ ನೋಡುವವರಿಗೆ ಕಾಣುವಂತೆ ಒಂದು ಚಿಟಿಕೆ ತಾನೇ ಬಾಯಿಗೆ ಹಾಕಿಕೊಂಡ. ಮತ್ತೆ ಹಳ್ಳದ ಈಚೆ ದಡಕ್ಕೆ ಬಂದು ಕಾದ.

ಮರುದಿನ ಹೋಗಿ ನೋಡಿದರೆ ಬಟ್ಟೆ ಬರಿದಾಗಿತ್ತು. ಪಕ್ಕದಲ್ಲಿ ಏನನ್ನೂ ಇಟ್ಟಿರಲಿಲ್ಲ. ವ್ಯಾಪಾರಿ ಎರಡನೆಯ ಮೂಟೆಯನ್ನೂ ಸುರಿದ. ಅದರ ಮರುದಿನ ಅದೂ ಹೋಗಿತ್ತು.

"ಭಾವ, ಇವರು ತಗೊಳ್ಳುವವರೇ ಹೊರತು ಕೊಡುವವರಲ್ಲ. ಊರಿನವರು ನಗುವ ಮೊದಲು ನಡೆ, ಹೋಗೋಣ" ಎಂದ ಮೈದುನ.

"ನಮ್ಮಪ್ಪ ಇವರ ಮನೆಯ ಅನ್ನಕ್ಕೆ ಮರಳು ಹಾಕಿದ. ನಾನು ಇನ್ನೂ ಸ್ವಲ್ಪ ಕೂತಿರುತ್ತೇನೆ. ನೀನು ಹೋಗು" ಎಂದ ವ್ಯಾಪಾರಿ.

ಮೈದುನ ಎರಡು ಎತ್ತು ಹೊಡೆದುಕೊಂಡು ಹೋದ. ವ್ಯಾಪಾರಿ ಒಬ್ಬನೇ ಉಳಿದ. ಉಳಿದ ಮೂಟೆಯ ಬಾಯಿ ಬಿಚ್ಚಲು ಅವನಿಗೆ ಕೈ ಬರಲಿಲ್ಲ. ಹೊರಟುಹೋಗಲೂ ಮನಸ್ಸಾಗಲಿಲ್ಲ. ಎರಡು ಸಲ ಎತ್ತಿನ ಹಗ್ಗ ಬಿಚ್ಚಿದ, ಎರಡು ಸಲವೂ ಮತ್ತೆ ಕಟ್ಟಿದ.

ಹೊತ್ತು ಇಳಿಯುವಾಗ ಆಚೆ ದಡದಲ್ಲಿ ಗಿಡಗಳು ಅಲುಗಾಡಿದವು. ಒಬ್ಬ ಮುದುಕಿಯೂ ನಾಲ್ವರು ಗಂಡಸರೂ ಹೊರಗೆ ಬಂದರು. ಗಂಡಸರ ಹೆಗಲ ಮೇಲೆ ಜೇನಿನ ಗಡಿಗೆಗಳಿದ್ದವು. ಅವರ ಕಾಲು ಕಲ್ಲಿಗೆ ತಾಗಿ ರಕ್ತ ಸೋರುತ್ತಿತ್ತು. ಮುದುಕಿ ಹಿಂದೆ ಸಂತೆಗೆ ಬರುತ್ತಿದ್ದವಳು, ಪಟ್ಟಣದ ಮಾತು ಬಲ್ಲವಳು.

"ನಿನ್ನ ಉಪ್ಪು ತಿಂದು ನೋಡಿದೆವು, ಮರಳಿರಲಿಲ್ಲ" ಎಂದಳು ಅವಳು. "ಆದರೆ ಮನೆಯಲ್ಲಿ ಜೇನೂ ಇರಲಿಲ್ಲ. ಜೇನುಬಂಡೆಗೆ ಹೋಗಿಬರಲು ಎರಡು ದಿನ ಬೇಕು. ಬರಿಗೈಯಲ್ಲಿ ನಿನ್ನೆದುರು ಹೇಗೆ ಬರುವುದು?"

"ನೀವು ಬರುವುದೇ ಇಲ್ಲ ಅಂದುಕೊಂಡಿದ್ದೆ, ತಾಯಿ" ಎಂದ ವ್ಯಾಪಾರಿ.

"ನೀನು ಎದ್ದು ಹೋಗಿರುತ್ತೀಯ ಅಂದುಕೊಂಡು ನಾವು ಓಡುತ್ತಲೇ ಬಂದೆವು" ಎಂದಳು ಮುದುಕಿ.

ಅವನು ಮೂರನೆಯ ಮೂಟೆಯನ್ನು ಹೊತ್ತು ಹಳ್ಳ ದಾಟಿ ಅವರ ಮುಂದೆ ಇಳಿಸಿದ. ಮುಂದಿನ ಸುಗ್ಗಿಗೆ ಆ ದಡದ ಮೇಲೆಯೇ ಸಂತೆ ಕೂಡಿತು. ಮೈದುನನೂ ಅಲ್ಲಿ ಅಂಗಡಿ ಹಾಕಿದ.

ಗುರು ಕತೆ ನಿಲ್ಲಿಸಿದರು.

"ಹಾಗಾದರೆ ನನ್ನ ಅಣ್ಣನೂ ಹೊರಟಿದ್ದಾನೆ ಎನ್ನುತ್ತೀರಾ?" ಎಂದು ಕೇತಯ್ಯ ಆಸೆಯಿಂದ ಕೇಳಿದ.

"ಅದು ನನಗೆ ಗೊತ್ತಿಲ್ಲಪ್ಪ, ಆದರೆ ಅವನು ಬಂದ ದಿನ ನೀನು ದಡದಲ್ಲಿ ಕೂತಿರಬೇಕಲ್ಲ" ಎಂದರು ಗುರು.