ಬಾಯ್ಲರ್‌ಗೆ ಬಿದ್ದ ಬೀಗ

ವಾಗೀಶ ಶೆಟ್ಟರ ಬಟ್ಟೆ ಬಣ್ಣದ ಕಾರ್ಖಾನೆಯಲ್ಲಿ ಹಾಲೇಶಿ ಬಾಯ್ಲರ್‌ಗೆ ಕಲ್ಲಿದ್ದಲು ತುಂಬುತ್ತಿದ್ದ. ಅದರ ಹೊಗೆಗೆ ಹಿಂದಿನ ಓಣಿಯ ಮಕ್ಕಳೆಲ್ಲ ಕೆಮ್ಮುತ್ತಿದ್ದರು, ಅವನ ಮಗಳೂ ಸೇರಿ. ಸರ್ಕಾರದ ಸಹಾಯಧನದಲ್ಲಿ ಕೂರಿಸಿದ್ದ ಕರೆಂಟಿನ ಬಾಯ್ಲರ್ ಮಾತ್ರ ತಾಡಪಾಲು ಹೊದ್ದು ಮಲಗಿತ್ತು. ಕರೆಂಟು ದುಬಾರಿಯಂತೆ.

ಇಂಥ ಶೆಟ್ಟರು ಒಮ್ಮೆ ಸಚಿವರನ್ನು ಕರೆಸಿದರು. ಮೂವತ್ತು ವರ್ಷಗಳೊಳಗೆ ಕಲ್ಲಿದ್ದಲು ಬಿಡಿಸುವ ಸರ್ಕಾರದ ಹವಾಮಾನ ನೀತಿಗೆ ಉದ್ಯಮಿಗಳ ಬೆಂಬಲ ಸಾರುವ ಸಮಾರಂಭ.

“ಸಚಿವರಿಗೆ ಹೊಗೆ ಕಾಣಬಾರದು. ಕಂಡರೆ ನಿನ್ನ ಕೆಲಸ ಹೋಯ್ತು,” ಎಂದರು ಶೆಟ್ಟರು.

“ಕಾಣಲ್ಲ ಬಿಡಿ ಧಣಿ,” ಎಂದ ಹಾಲೇಶಿ. ಬೆಂಕಿ ಆರಿಸಿದ. ಬಾಯ್ಲರ್ ಬಾಗಿಲಿಗೆ ಚೆಂಡುಹೂವಿನ ಮಾಲೆ ಹಾಕಿದ.

ಶೆಟ್ಟರು ವೇದಿಕೆಯಲ್ಲಿ ಭೂಮಿತಾಯಿಯನ್ನು ನೆನೆದು, ಹೊಗೆ ಇಂದೇ ನಿಲ್ಲಬೇಕು ಎಂದು ಕಣ್ಣೊರೆಸಿಕೊಂಡರು. ಭಾಷಣ ಮುಗಿದದ್ದೇ ತಡ, ಹಾಲೇಶಿ ಸಚಿವರ ಮುಂದೆ ತಟ್ಟೆ ಹಿಡಿದು ನಿಂತ. ತಟ್ಟೆಯಲ್ಲಿ ಹೊಸ ಬೀಗ.

“ಹಳೇ ಬಾಯ್ಲರ್‌ಗೆ ತಾವೇ ಬೀಗ ಹಾಕಬೇಕು ಸ್ವಾಮಿ. ಹೊಗೆ ಕಾಣಬಾರದು ಅಂತ ಧಣಿಗಳ ಅಪ್ಪಣೆ ಆಗಿದೆ.”

ಸಚಿವರಿಗೆ ಖುಷಿಯೋ ಖುಷಿ. ಕ್ಯಾಮೆರಾದವರು ಓಡಿ ಬಂದರು. ಬೀಗ ಬಿತ್ತು, ಕೀಲಿ ಸಚಿವರ ಜೇಬು ಸೇರಿತು. ಶೆಟ್ಟರ ಮುಖ ಬಿಳಿಚಿಕೊಂಡಿತು, ಆದರೆ ಎಲ್ಲರಿಗಿಂತ ಜೋರಾಗಿ ಅವರೇ ಚಪ್ಪಾಳೆ ತಟ್ಟಬೇಕಾಯಿತು.

ಸಚಿವರ ಕಾರು ಮರೆಯಾದ ಮೇಲೆ ಶೆಟ್ಟರು ಹಲ್ಲು ಕಡಿದರು. “ಮೂವತ್ತು ವರ್ಷ ಟೈಮಿತ್ತಲ್ಲೋ, ಅಯೋಗ್ಯ.”

“ಭಾಷಣದಲ್ಲಿ ತಾವು ‘ಇಂದೇ’ ಅಂದ್ರಿ ಧಣಿ. ನಾನು ನಂಬಿಬಿಟ್ಟೆ.”

ಬೈಯಲು ಶೆಟ್ಟರು ಬಾಯಿ ತೆರೆದರು. ಅಷ್ಟರಲ್ಲಿ ಪತ್ರಿಕೆಯವನೊಬ್ಬ ಮರಳಿ ಬಂದು, ಇಂಥ ದೊಡ್ಡ ಮನಸ್ಸು ಹೇಗೆ ಬಂತು ಎಂದು ಕೇಳಿದ.

“ಬಹಳ ದಿನದ ಕನಸು ಕಣ್ರಿ,” ಎಂದರು ಶೆಟ್ಟರು.

ಹಾಲೇಶಿ ಆಗಲೇ ಕರೆಂಟಿನ ಬಾಯ್ಲರ್ ಚಾಲೂ ಮಾಡಲು ಹೋಗಿದ್ದ.