ದೋಷ ಹೇಳಿದವನ ಕಾರು

"ಬುದ್ಧಿ, ಈ ಲೋಕದಲ್ಲಿ ನಿಜ ಹೇಳುವವನು ಒಬ್ಬನಾದರೂ ಉಳಿದಿದ್ದಾನೆಯೇ?"

ಕೇಳಿದವನು ಉಜ್ಜಪ್ಪ. ಮಠದ ಶಿಷ್ಯ, ಹೊಟ್ಟೆಪಾಡಿಗೆ ಪಕ್ಕದ ತಾಲ್ಲೂಕಿನ ಹೈಸ್ಕೂಲಿನಲ್ಲಿ ಮೇಷ್ಟ್ರು. ದಿನವೂ ದೂರದ ಓಡಾಟ. ಕೈಗೆಟಕುವ ಬೆಲೆಯ ಹಳೆಯ ಕಾರೊಂದನ್ನು ಬೇಸಿಗೆಯೆಲ್ಲ ಹುಡುಕಿದ್ದ. ಕಂಡವರೆಲ್ಲ ಸುಳ್ಳು ಹೇಳಿದರು ಎಂಬ ಸಿಟ್ಟು ಅವನ ಮುಖದಲ್ಲೇ ಇತ್ತು.

ಕೊಟ್ರಯ್ಯ ಸ್ವಾಮಿಗಳು ಅವನನ್ನು ಮೇಲಿಂದ ಕೆಳಗೆ ನೋಡಿದರು.

"ಮೊದಲು ಕೂತುಕೋ. ನಿಂತವನಿಗೆ ನಾನು ಕತೆ ಹೇಳುವುದಿಲ್ಲ, ನಡುವೆ ಎದ್ದು ಹೋಗುತ್ತಾನೆ."

ಉಜ್ಜಪ್ಪ ಕೂತ. ಸ್ವಾಮಿಗಳು ಹೇಳತೊಡಗಿದರು.

ಒಬ್ಬ ಗುಮಾಸ್ತ ಇದ್ದ. ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ. ಕಾರ್ಖಾನೆ ಅವನ ಊರಿಂದ ಅರವತ್ತು ಕಿಲೋಮೀಟರ್ ದೂರ. ಅವನಿಗೆ ಒಬ್ಬಳೇ ಮಗಳು. ಅದೇ ದಾರಿಯಲ್ಲಿ, ಕಾರ್ಖಾನೆಗಿಂತ ಸ್ವಲ್ಪ ಮುಂಚೆ ಸಿಗುವ ನರ್ಸಿಂಗ್ ಕಾಲೇಜಿನಲ್ಲಿ ಓದುತ್ತಿದ್ದಳು. ಅಪ್ಪ ಮಗಳು ಇಬ್ಬರೂ ಬೆಳಗಿನ ಒಂದೇ ಬಸ್ಸಿಗೆ ಹೋಗುತ್ತಿದ್ದರು. ಒಂದು ವರ್ಷ ಆ ಬಸ್ಸು ನಿಂತುಹೋಯಿತು. ಯಾಕೆ ನಿಂತಿತು ಅಂತ ನನ್ನನ್ನು ಕೇಳಬೇಡ. ಅವರಿಗೂ ಯಾರೂ ಹೇಳಲಿಲ್ಲ. ಮುಂದಿನ ಬಸ್ಸು ಹಿಡಿದರೆ ಅಪ್ಪ ಹೋಗುವ ಹೊತ್ತಿಗೆ ಕಾರ್ಖಾನೆಯ ಗೇಟು ಹಾಕಿರುತ್ತಿತ್ತು, ಮಗಳು ಹೋಗುವ ಹೊತ್ತಿಗೆ ಅರ್ಧ ಪಾಠ ಮುಗಿದಿರುತ್ತಿತ್ತು. ಅವಳನ್ನು ಹಾಸ್ಟೆಲ್ಲಿನಲ್ಲಿ ಇಡುವ ಶಕ್ತಿ ಅವನಿಗಿರಲಿಲ್ಲ. ಬೇಸಿಗೆ ರಜೆ ಮುಗಿಯುವುದರೊಳಗೆ ಒಂದು ಕಾರು ಸಿಗಬೇಕು, ಇಲ್ಲದಿದ್ದರೆ ಮಗಳ ಓದು ನಿಲ್ಲಬೇಕು. ಅವನ ಮುಂದೆ ಇದ್ದದ್ದು ಇಷ್ಟೇ.

ಹೊಸ ಕಾರಿನ ಮಾತೇ ಇಲ್ಲ. ಹಳೆಯದೇ ಆಗಬೇಕು. ಒಳ್ಳೆ ಮೈಲೇಜ್ ಕೊಡಬೇಕು. ದಿನಾ ಅಷ್ಟು ದೂರ ಓಡಿದರೂ ನಡುದಾರಿಯಲ್ಲಿ ಕೈಕೊಡಬಾರದು. ನೀನು ಹುಡುಕುತ್ತಿರುವುದೂ ಅದನ್ನೇ ತಾನೆ? ಎಲ್ಲರೂ ಅದನ್ನೇ ಹುಡುಕುತ್ತಾರಪ್ಪ.

ಅವನ ಪಕ್ಕದ ಬೀದಿಯಲ್ಲಿ ಒಬ್ಬ ಹಿಟ್ಟಿನ ಗಿರಣಿಯವನಿದ್ದ. ಗಿರಣಿಯವನ ಹೆಂಡತಿಗೆ ಹೃದಯದ ಕಾಯಿಲೆ. ಆಪರೇಷನ್ ಆಗಲೇಬೇಕು, ಮುಂದೂಡಬೇಡಿ ಅಂತ ಡಾಕ್ಟರು ಹೇಳಿದ್ದರು. ಅದಕ್ಕೇ ಅವನು ತನ್ನ ಕಾರನ್ನು ಮಾರಾಟಕ್ಕಿಟ್ಟಿದ್ದ. ಗುಮಾಸ್ತ ಒಬ್ಬ ಮೆಕ್ಯಾನಿಕ್ಕನ್ನು ಕಟ್ಟಿಕೊಂಡು ಹೋದ. ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿದ, ಒಂದು ರೌಂಡ್ ಓಡಿಸಿ ಬಂದು ಚೆನ್ನಾಗಿದೆ ಅಂದ. ಬೆಲೆಯೂ ಹೊಂದಿತು. ಗುಮಾಸ್ತ ಇನ್ನೇನು ಒಪ್ಪಿಕೊಳ್ಳಬೇಕು, ಅಷ್ಟರಲ್ಲಿ ಗಿರಣಿಯವನೇ ಬಾಯಿ ಬಿಟ್ಟ.

"ಇಂಜಿನ್ ಬಗ್ಗೆ ಯೋಚನೆ ಬೇಡಿ. ಆದರೆ ಒಂದು ಮಾತು ಹೇಳಿಬಿಡುತ್ತೇನೆ, ಆಮೇಲೆ ನೀವು ನನ್ನನ್ನು ಬೈಯಬಾರದು. ಈ ಗಾಡಿ ಒಂದು ಸಲ ಸೇತುವೆಯ ಕಟ್ಟೆಗೆ ಹೊಡೆದಿತ್ತು. ಮುಂದಿನ ಭಾಗ ಬಗ್ಗಿತ್ತು. ಸರಿಮಾಡಿಸಿದೆ, ಪೂರ್ತಿ ಸರಿಯಾಗಲಿಲ್ಲ. ಎಡಗಡೆ ಮುಂದಿನ ಟೈರು ಒಳಮಗ್ಗುಲಲ್ಲಿ ಸವೆಯುತ್ತದೆ. ಹೊರಗಿನಿಂದ ನೋಡಿದರೆ ಹೊಸದರ ಹಾಗೇ ಕಾಣುತ್ತದೆ. ನಾನು ಊರೊಳಗೆ ಓಡಿಸುವವನು, ನನಗೆ ತೊಂದರೆಯಿಲ್ಲ. ನೀವು ದಿನಾ ಹೈವೇಯಲ್ಲಿ ಹೋಗುವವರು. ಆಗಾಗ ಒಳಗೆ ಕೈ ಹಾಕಿ ಸವರಿ ನೋಡಿ, ಸವೆದಿದ್ದರೆ ಟೈರು ಬದಲಾಯಿಸಿ. ಅಷ್ಟು ಮಾಡಿದರೆ ಈ ಗಾಡಿ ವರ್ಷಗಟ್ಟಲೆ ಓಡುತ್ತದೆ."

"ಇನ್ನೇನಾದರೂ ಇದೆಯಾ?" ಅಂತ ಗುಮಾಸ್ತ ಕೇಳಿದ.

"ಇನ್ನೇನೂ ಇಲ್ಲ."

ಗುಮಾಸ್ತ ಯೋಚಿಸಿ ಹೇಳುತ್ತೇನೆ ಅಂತ ಎದ್ದು ಬಂದ. ದಾರಿಯಲ್ಲಿ ಮೆಕ್ಯಾನಿಕ್ಕಿಗೆ ಹೇಳಿದ: ಕೇಳದೆಯೇ ಇಷ್ಟು ಹೇಳಿದ ಅಂದರೆ ಮುಚ್ಚಿಟ್ಟದ್ದು ಇನ್ನೆಷ್ಟಿರಬೇಕು! ಮೆಕ್ಯಾನಿಕ್ಕೂ ಹೌದೌದು ಅಂದ. ನಗಬೇಡ ಉಜ್ಜಪ್ಪ. ನಗುವ ಕತೆಯಲ್ಲ ಇದು.

ಆಮೇಲೆ ಅವನು ಪೇಟೆಯ ಬ್ರೋಕರುಗಳ ಹಿಂದೆ ಬಿದ್ದ. ಒಬ್ಬ ಬ್ರೋಕರು ತೋರಿಸಿದ ಕಾರು ಡಾಕ್ಟರು ಓಡಿಸಿದ್ದು, ಮನೆಯಿಂದ ಆಸ್ಪತ್ರೆಗೆ ಹೋಗಿಬಂದದ್ದು ಬಿಟ್ಟರೆ ಬೇರೆ ದಾರಿಯನ್ನೇ ಕಂಡಿಲ್ಲವಂತೆ. ಇನ್ನೊಬ್ಬ ತೋರಿಸಿದ್ದೂ ಡಾಕ್ಟರು ಓಡಿಸಿದ್ದೇ. ಮೂರನೆಯವನದೂ ಡಾಕ್ಟರದೇ. ನಮ್ಮ ಸೀಮೆಯಲ್ಲಿ ಅಷ್ಟು ಜನ ಡಾಕ್ಟರುಗಳಿದ್ದಿದ್ದರೆ ಯಾರಿಗೂ ಕೆಮ್ಮೇ ಬರುತ್ತಿರಲಿಲ್ಲ. ಒಂದರ ಮೀಟರ್ ಹಿಂದಕ್ಕೆ ತಿರುಗಿಸಿದ್ದು ಮೆಕ್ಯಾನಿಕ್ಕಿಗೆ ಗೊತ್ತಾಯಿತು. ಒಂದರ ಸೀಟಿನ ಕೆಳಗೆ ಪ್ರವಾಹದ ಕೆಸರು ಒಣಗಿತ್ತು. ಒಂದಕ್ಕೆ ಮುಂಗಡ ಕೊಟ್ಟು ಬಂದ, ಮರುದಿನ ಹೋದರೆ ಕಾರೂ ಇಲ್ಲ, ಬ್ರೋಕರೂ ಇಲ್ಲ. ಗುಮಾಸ್ತನಿಗೆ ಸಾಕುಸಾಕಾಯಿತು. ಲೋಕವೇ ಹಾಳಾಗಿದೆ ಅಂತ ಕಂಡಕಂಡವರ ಹತ್ತಿರ ಬೈದುಕೊಂಡು ತಿರುಗಿದ.

ಇತ್ತ ಗಿರಣಿಯವನ ಮನೆಗೂ ಜನ ಬರುತ್ತಿದ್ದರು. ಬಂದವರಿಗೆಲ್ಲ ಅವನು ಟೈರಿನ ವಿಷಯ ಹೇಳುತ್ತಿದ್ದ. ಕೇಳಿದವರೆಲ್ಲ ಕಾಫಿ ಕುಡಿದು ಎದ್ದು ಹೋಗುತ್ತಿದ್ದರು. ಅವನ ಬಾಮೈದ ರೇಗಿದ.

"ಭಾವ, ನೀವೇನು ಕಾರು ಮಾರುತ್ತಿದ್ದೀರೋ, ಪುರಾಣ ಓದುತ್ತಿದ್ದೀರೋ? ನಮ್ಮಕ್ಕನ ಮುಖ ನೋಡಿದ್ದೀರಾ?"

ಹೆಂಡತಿ ಮಾತ್ರ ಅವನಿಗೆ ಏನೂ ಅನ್ನಲಿಲ್ಲ. ಒಂದು ದಿನ ಅವಳು ಹಿತ್ತಿಲಿಂದ ನೀರು ತರುವಾಗ ಮೆಟ್ಟಿಲು ಹತ್ತಲಾಗದೆ ಅಲ್ಲೇ ಕೂತುಬಿಟ್ಟಳು. ಗಿರಣಿಯವನು ಓಡಿಹೋಗಿ ಎತ್ತಿದ. ಅವಳ ತುಟಿ ನೀಲಿಯಾಗಿತ್ತು. ಅವತ್ತು ಅವನಿಗೆ ತನ್ನ ನಾಲಿಗೆಯ ಮೇಲೇ ಅಸಹ್ಯ ಹುಟ್ಟಿತು.

ಕಾಲೇಜು ಶುರುವಾಗುವ ವಾರ ಬಂತು. ಗುಮಾಸ್ತ ಮನೆಗೆ ಬಂದಾಗ ಮಗಳು ಸ್ಟೂಲಿನ ಮೇಲೆ ನಿಂತು ತನ್ನ ಪುಸ್ತಕಗಳನ್ನು ಅಟ್ಟಕ್ಕೆ ಸೇರಿಸುತ್ತಿದ್ದಳು. ಅಪ್ಪನನ್ನು ಕಂಡು, ಧೂಳು ಹಿಡಿಯುತ್ತೆ ಅಂತ ಎತ್ತಿಟ್ಟೆ ಅಂದಳು. ಅಳಲಿಲ್ಲ, ಜಗಳವಾಡಲಿಲ್ಲ. ಅತ್ತಿದ್ದರೆ ಅವನು ತಡೆದುಕೊಳ್ಳುತ್ತಿದ್ದನೇನೋ. ಚಪ್ಪಲಿ ಬಿಡದೆ ಹಾಗೇ ತಿರುಗಿ ಗಿರಣಿಯವನ ಮನೆಗೆ ನಡೆದ.

ಈ ಸಲ ಮೆಕ್ಯಾನಿಕ್ಕನ್ನು ಕರೆದೊಯ್ಯಲಿಲ್ಲ. ಕರೆದೊಯ್ದಿದ್ದರೆ ಟೈರನ್ನು ಮೊದಲು ನೋಡಿಸಬೇಕಾಗುತ್ತಿತ್ತು.

ಕಾರು ಇನ್ನೂ ಮನೆಯ ಮುಂದೆಯೇ ನಿಂತಿತ್ತು. ಗುಮಾಸ್ತ ಅದರ ಸುತ್ತ ಒಂದು ಸುತ್ತು ಬಂದ. ಆಮೇಲೆ ಗಿರಣಿಯವನ ಎರಡೂ ಕೈ ಹಿಡಿದುಕೊಂಡ.

"ಅಣ್ಣಾ, ಅವತ್ತು ಟೈರಿನ ವಿಷಯ ಏನೋ ಹೇಳಿದಿರಲ್ಲ, ಅದು ಈಗ ಸರಿಯಾಗಿದೆ ತಾನೆ? ಸರಿಯಾಗಿದೆ ಅಂತ ಒಂದು ಮಾತು ಹೇಳಿಬಿಡಿ. ನನ್ನ ಕೈಲಿ ಇನ್ನು ಹುಡುಕಲು ಆಗುವುದಿಲ್ಲ."

ಗಿರಣಿಯವನು ಎಡಗಡೆ ಮುಂದಿನ ಟೈರಿನ ಕಡೆ ನೋಡಿದ. ಒಳಗೆ ಹೆಂಡತಿ ಕೆಮ್ಮಿದ್ದು ಕೇಳಿಸಿತು.

"ಸರಿಮಾಡಿಸಿದ್ದೇನೆ. ಏನೂ ತೊಂದರೆ ಇಲ್ಲ, ತಗೊಂಡು ಹೋಗಿ" ಅಂದ.

ಗುಮಾಸ್ತನಿಗೆ ಕಣ್ಣಲ್ಲಿ ನೀರು ಬಂತು. ಇಷ್ಟು ದಿನಕ್ಕೆ ಒಬ್ಬ ಒಳ್ಳೆಯ ಮನುಷ್ಯ ಸಿಕ್ಕಿದ ಅಂದುಕೊಂಡ. ಅದೇ ಮನುಷ್ಯ, ಅದೇ ಕಾರು. ಹಾಗಂತ ಅವನಿಗೆ ಅನ್ನಿಸಲೇ ಇಲ್ಲ ನೋಡು.

ಕಾರಿಗೆ ಪೂಜೆ ಮಾಡಿಸಿದರು. ನಾಲ್ಕು ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಹತ್ತಿಸಿದರು. ಮಗಳ ಪುಸ್ತಕ ಅಟ್ಟದಿಂದ ಇಳಿಯಿತು. ಅಪ್ಪ ಓಡಿಸುವುದು, ಮಗಳು ಪಕ್ಕದಲ್ಲಿ ಕೂತು ಪಾಠ ಗಟ್ಟಿಮಾಡುವುದು, ದಾರಿಯಲ್ಲಿ ಬುತ್ತಿ ಬಿಚ್ಚಿ ಅಪ್ಪನ ಬಾಯಿಗೂ ಒಂದು ತುತ್ತು ಹಾಕುವುದು. ಅವನ ಜೀವಮಾನದಲ್ಲಿ ಅಷ್ಟು ಸಂತೋಷದ ದಿನಗಳು ಬೇರೆ ಇರಲಿಲ್ಲ. ಕಾರು ಒಂದು ದಿನವೂ ಕೈಕೊಡಲಿಲ್ಲ. ಭಾನುವಾರ ತಾನೇ ಅದನ್ನು ತೊಳೆದು, ಟೈರುಗಳನ್ನು ಹೊರಗಿನಿಂದ ಒರೆಸಿ, ಹೊಸದರ ಹಾಗಿದೆ ಅಂತ ಹೆಂಡತಿಗೆ ತೋರಿಸುತ್ತಿದ್ದ.

ಗಿರಣಿಯವನಿಗೆ ನೆಮ್ಮದಿ ಇರಲಿಲ್ಲ. ಆ ಕಾರು ಬೀದಿಯಲ್ಲಿ ಹೋಗುವಾಗಲೆಲ್ಲ ಕೂಗಿ ನಿಲ್ಲಿಸಬೇಕು ಅಂತ ಅವನಿಗೆ ಅನ್ನಿಸುತ್ತಿತ್ತು. ಹೇಳಿದರೆ ಕಾರು ಹಿಂದಕ್ಕೆ ಬರುತ್ತದೆ, ಆಸ್ಪತ್ರೆಗೆ ಕಟ್ಟಿದ ದುಡ್ಡು ಹಿಂದಕ್ಕೆ ಬರುವುದಿಲ್ಲ. ಆಪರೇಷನ್ ಒಂದು ಮುಗಿಯಲಿ, ಆಮೇಲೆ ಹೇಳಿಬಿಡುತ್ತೇನೆ ಅಂದುಕೊಂಡ. ಆಪರೇಷನ್ ಆಯಿತು, ಹೆಂಡತಿ ಬದುಕಿದಳು. ಇದನ್ನೂ ನಿನಗೆ ಹೇಳಬೇಕು ಉಜ್ಜಪ್ಪ. ಹೇಳದಿದ್ದರೆ ನೀನು ಈ ಕತೆಯನ್ನು ಸುಲಭ ಮಾಡಿಕೊಂಡು ಮನೆಗೆ ಹೋಗುತ್ತೀಯ. ಅವಳು ಸ್ವಲ್ಪ ಓಡಾಡುವಂತಾಗಲಿ ಅಂತ ಮತ್ತೆ ನಾಲ್ಕು ದಿನ ಮುಂದೂಡಿದ.

ಮಳೆಗಾಲ ಮುಗಿಯುತ್ತ ಬಂದಿತ್ತು. ಬೆಳಗ್ಗೆ ಹೈವೇಯಲ್ಲಿ ಹೋಗುವಾಗ ಎಡಗಡೆ ಮುಂದಿನ ಟೈರು ಸಿಡಿಯಿತು. ಕಾರು ಎಡಕ್ಕೆ ಎಳೆದುಕೊಂಡು ಹೋಗಿ ಮರಕ್ಕೆ ಹೊಡೆಯಿತು. ಎಡಗಡೆ ಕೂತಿದ್ದವಳು ಮಗಳು. ಅಪ್ಪನಿಗೆ ಒಂದು ಕೈ ಮುರಿಯಿತು, ಅಷ್ಟೇ.

ಉಜ್ಜಪ್ಪ ನೆಲ ನೋಡುತ್ತಿದ್ದ. ಸ್ವಾಮಿಗಳು ದನಿ ತಗ್ಗಿಸಿ ಮುಂದುವರಿಸಿದರು.

ಮಗಳ ಮಣ್ಣಿನ ಕಾರ್ಯವೆಲ್ಲ ಮುಗಿದ ಮೇಲೆ ಗುಮಾಸ್ತ ಮುರಿದ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಗಿರಣಿಯವನ ಮನೆಗೆ ಬಂದ. ಬೀದಿಯವರೆಲ್ಲ ಹೊಡೆದಾಟವಾಗುತ್ತದೆ ಅಂತ ಬಾಗಿಲಿಗೆ ಬಂದು ನಿಂತರು. ಗುಮಾಸ್ತ ಕೂಗಾಡಲಿಲ್ಲ. ಜಗಲಿಯ ಮೇಲೆ ಕೂತ.

"ಯಾಕಣ್ಣಾ, ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ದೆನಲ್ಲಾ" ಅಂದ ಗಿರಣಿಯವನು. "ಹೇಳಿದಾಗ ನೀವು ಎದ್ದು ಹೋದಿರಿ. ಎರಡನೇ ಸಲವೂ ಹೇಳಿದ್ದರೆ ಕೊಳ್ಳುತ್ತಿದ್ದಿರಾ?"

ಗುಮಾಸ್ತ ಕೊಳ್ಳುತ್ತಿದ್ದೆ ಅಂತ ಹೇಳಹೋದ, ಅದು ಸುಳ್ಳು ಅಂತ ಅವನಿಗೇ ಗೊತ್ತಿತ್ತು. ಆಮೇಲೆ ಹಣೆ ಹಣೆ ಚಚ್ಚಿಕೊಂಡು ಅತ್ತ. ಗಿರಣಿಯವನೂ ಅವನ ಕಾಲ ಹತ್ತಿರ ಕೂತು ಅತ್ತ. ಬದುಕಿ ಬಂದ ಹೆಂಡತಿ ಬಾಗಿಲ ಹಿಂದೆ ನಿಂತು, ನನ್ನನ್ನು ಯಾಕೆ ಉಳಿಸಿಕೊಂಡಿರಿ ಅಂದಳು.

ಗುಮಾಸ್ತನನ್ನು ತಿನ್ನುವುದು ಸುಳ್ಳಲ್ಲ ಕಣಪ್ಪ. ಮೊದಲ ದಿನ ಕೇಳಿದ ನಿಜ ತಿನ್ನುತ್ತದೆ. ಆಗಾಗ ಒಳಗೆ ಕೈ ಹಾಕಿ ಸವರು ಅಂದಿದ್ದನಲ್ಲ, ಎಷ್ಟು ಹೊತ್ತಿನ ಕೆಲಸ ಅದು? ಆ ದೋಷ ಗೊತ್ತಿದ್ದುಕೊಂಡೇ ಅದೇ ಕಾರನ್ನು ಕೊಂಡಿದ್ದರೆ, ಅದೇ ದಾರಿಯಲ್ಲಿ ಮಗಳು ಓದು ಮುಗಿಸಿರುತ್ತಿದ್ದಳು. ಅವನು ಈಗ ಕೆಲಸಕ್ಕೆ ಹೋಗುವುದಿಲ್ಲ. ಬೀದಿಯಲ್ಲಿ ಯಾರದಾದರೂ ಕಾರು ನಿಂತಿದ್ದರೆ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಮುಂದಿನ ಟೈರಿನ ಒಳಗೆ ಕೈ ಹಾಕಿ ಸವರುತ್ತಾನೆ. ಕೆಲವರು ಬೈದು ಓಡಿಸುತ್ತಾರೆ. ಕೆಲವರು ಅಯ್ಯೋ ಪಾಪ ಅಂತ ಸುಮ್ಮನಿರುತ್ತಾರೆ. ಸವರಿ ಮುಗಿದ ಮೇಲೆ ಅವನು ಎದ್ದು ಮುಂದಿನ ಕಾರಿಗೆ ಹೋಗುತ್ತಾನೆ.

ಕತೆ ಮುಗಿಯಿತು. ಉಜ್ಜಪ್ಪ ಕಣ್ಣೊರೆಸಿಕೊಂಡ. ಆದರೂ ಅವನ ಸಿಟ್ಟು ಇಳಿದಿರಲಿಲ್ಲ.

"ಏನೇ ಹೇಳಿ ಬುದ್ಧಿ, ಸುಳ್ಳು ಹೇಳಿದವನು ಗಿರಣಿಯವನೇ. ಆ ಹುಡುಗಿಯ ಪಾಪ ಅವನಿಗೇ ತಟ್ಟಬೇಕು. ನನಗೆ ಸಿಕ್ಕವರೂ ಎಲ್ಲ ಅಂಥವರೇ."

"ಎಲ್ಲರೂ?"

"ಎಲ್ಲರೂ ಬುದ್ಧಿ. ಒಬ್ಬ ಮಾತ್ರ..." ಅಂದವನು, ಮುಂದಿನ ಮಾತು ಬಾಯಿಗೆ ಬಂದದ್ದನ್ನು ನುಂಗಿಕೊಂಡ.

ಸ್ವಾಮಿಗಳು ಅವನ ಮುಖವನ್ನೇ ನೋಡುತ್ತ ಕೇಳಿದರು:

"ನಿನಗೆ ದೋಷ ಹೇಳಿದವನ ಮನೆಯಿಂದ ನೀನು ಎದ್ದು ಬಂದೆಯಲ್ಲ ಉಜ್ಜಪ್ಪ, ಅವನು ಈಗ ಯಾರಿಗೆ ಏನು ಹೇಳುತ್ತಿದ್ದಾನೆ?"